ಕಾಂಗ್ಡಾ ಚಹಾಗೆ ಹಾಲು ಹಾಕಿ ಕೆಡಿಸಿದೆ!

ಬೆಳಿಗ್ಗೆ ಆರೂವರೆ. ಊರು ಪಾಲಂಪುರ, ಹಿಮಾಚಲದ ಕಾಂಗ್ಡಾ ಜಿಲ್ಲೆ. ಹಿಂದೆ ಬೆಳ್ಳಗೆ ಕಾಣ್ತಿದೆಯಲ್ಲ, ಅದು ಮೋಡ ಅಲ್ಲ. ಧೌಲಾಧಾರ್ ಬೆಟ್ಟದ ಹಿಮ. ಅದರ ಕೆಳಗೆ ಪೂರ್ತಿ ಟೀ ತೋಟ.

"ಅಲ್ಲೂ ಟೀ ಬೆಳೀತಾರೇನೋ?" ಅಂತ ಅಪ್ಪ ಫೋನಲ್ಲಿ ಕೇಳಿದರು. ಬೆಳೀತಾರೆ ಅಪ್ಪ, 1850ರ ಆಸುಪಾಸಿನಿಂದಲೇ! ಡಾ. ಜೇಮ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಇಲ್ಲಿ ಚೀನಾ ತಳಿಯ ಗಿಡ ನೆಡಿಸಿದರು. ಒಳ್ಳೆ ಹೆಸರೂ ಬಂತು. ಆದರೆ 1905ರ ಏಪ್ರಿಲ್ 4ರ ಬೆಳಿಗ್ಗೆ ಭೂಮಿ ನಡುಗಿತು. ಸುಮಾರು 20 ಸಾವಿರ ಜನ ಸತ್ತರು. ಟೀ ಕಾರ್ಖಾನೆಗಳು ನೆಲ ಕಚ್ಚಿದವು, ದೊರೆಗಳು ತೋಟ ಮಾರಿ ಹೊರಟರು. ಆಮೇಲೆ ಕಾಂಗ್ಡಾ ಹೆಸರು ಹಿಂದೆ ಬಿತ್ತು. 2005ರಲ್ಲಿ ಜಿಐ ಟ್ಯಾಗ್, ಅಂದರೆ ಈ ಚಹಾ ಈ ಪ್ರದೇಶದ್ದೇ ಅನ್ನೋ ಅಧಿಕೃತ ಗುರುತು, ಸಿಕ್ಕಿದೆ.

ಸರಿ, ಚಹಾಗೆ ಬರೋಣ. ನಿನ್ನೆ ನಾನು ಮಾಡಿದ್ದು ದೊಡ್ಡ ಎಡವಟ್ಟು. ಮನೆಯಲ್ಲಿ ಮಾಡೋ ಹಾಗೇ ಹಾಲು, ಸಕ್ಕರೆ ಹಾಕಿ ಕುದಿಸಿದೆ. ಬಂದಿದ್ದು ಏನು? ಸ್ವಲ್ಪ ಬಣ್ಣ ತಿರುಗಿದ ಹಾಲು, ಅಷ್ಟೇ. ಹೋಮ್‌ಸ್ಟೇ ಆಂಟಿ ನೋಡಿ ನಕ್ಕರು. "ಬೇಟಾ, ಇದಕ್ಕೆ ಹಾಲು ಹಾಕಬಾರದು."

ಕ್ಯಾಮೆರಾ ಹತ್ತಿರ ತರ್ತೇನೆ, ನೋಡಿ. ನಮ್ಮ ಚಾಪುಡಿ ಸಾಸಿವೆ ಥರ ಕಾಳು ಕಾಳು. ಎಲೆಯನ್ನು ಅರೆದು ಹರಿದು ಉಂಡೆ ಮಾಡಿರ್ತಾರೆ, ಅದಕ್ಕೇ ಬಣ್ಣ ಬೇಗ ಬಿಡುತ್ತದೆ. ಈ ಕಾಂಗ್ಡಾ ಚಹಾ ಹೊಸೆದ ಬತ್ತಿ ಥರ ಇದೆ. ಕಪ್ಪು ಎಲೆಗಳ ಮಧ್ಯೆ ಅಲ್ಲಲ್ಲಿ ಚಿನ್ನದ ಬಣ್ಣದ ಚಿಗುರು. ನಿಧಾನಕ್ಕೆ ಬಿಡೋ ಜಾತಿ.

ಇವತ್ತು ಆಂಟಿ ಹೇಳಿದ ಹಾಗೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟೆ. ಒಂದು ಲೋಟಕ್ಕೆ ಒಂದು ಚಮಚ ಎಲೆ, ಮೇಲೆ ತಟ್ಟೆ ಮುಚ್ಚಿ ಮೂರು ನಿಮಿಷ. ತಟ್ಟೆ ತೆಗೆದರೆ... ಆಹಾ! ಮಳೆ ಬಿದ್ದ ಮಾರನೇ ದಿನದ ತೋಟದ ವಾಸನೆ. ಬಣ್ಣ ತೆಳು ಜೇನಿನದು.

ಮೊದಲ ಗುಟುಕಿಗೆ ಸಪ್ಪೆ ಅನ್ನಿಸಿತು, ಸುಳ್ಳು ಹೇಳಲ್ಲ. ಎರಡನೆಯದಕ್ಕೆ ನಾಲಿಗೆ ಪಕ್ಕದಲ್ಲಿ ಸಣ್ಣ ಒಗರು. ನುಂಗಿದ ಮೇಲೆ ನಿಧಾನಕ್ಕೆ ಸಿಹಿ ಬರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬರುತ್ತದಲ್ಲ, ಥೇಟ್ ಅದೇ! ಸಕ್ಕರೆ ಹಾಕಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ.

ಲೋಟದ ತಳ ನೋಡಿ. ಬತ್ತಿಯಂತಿದ್ದದ್ದು ಬಿಚ್ಚಿಕೊಂಡು ಪೂರ್ತಿ ಎಲೆ ಆಗಿದೆ. ಅಂಚಿನ ಹಲ್ಲು ಕೂಡ ಕಾಣುತ್ತದೆ. ಬಿಸಾಡೋದು ಬೇಡ, ಇನ್ನೊಂದು ಸಲ ಬಿಸಿ ನೀರು ಹಾಕಬಹುದು.

ಇಷ್ಟೆಲ್ಲ ಹೇಳಿಕೊಟ್ಟ ಆಂಟಿ ಈಗ ಏನು ಮಾಡ್ತಿದ್ದಾರೆ ಗೊತ್ತಾ? ಶುಂಠಿ ಜಜ್ಜಿ, ಅಂಗಡಿ ಪುಡಿ ಹಾಕಿ, ಗಟ್ಟಿ ಹಾಲಿನ ಚಹಾ ಕುದಿಸ್ತಿದ್ದಾರೆ. "ಅದು ಅತಿಥಿಗಳಿಗೆ, ಇದು ನಮಗೆ" ಅಂದರು. ನಾನೂ ಲೋಟ ಹಿಡಿದು ಒಲೆ ಪಕ್ಕ ನಿಂತುಕೊಂಡೆ.