16 ವರ್ಷದ ಕೀಪರ್‌ಗೆ ಆಟನಾ ಓದಾ ಅಂತ ಕೇಳ್ಬೇಡಿ

ನಮಸ್ಕಾರ, ಇವತ್ತು ಸ್ವಲ್ಪ ಸಿಟ್ಟಲ್ಲೇ ಮೈಕ್ ಆನ್ ಮಾಡಿದೀನಿ. ನಮ್ಮಕ್ಕನ ಮಗಳಿಗೆ 16 ವರ್ಷ, ಹಾಕಿ ಟೀಮಲ್ಲಿ ಗೋಲ್‌ಕೀಪರ್, ಮನೆಗೆ ಬಂದೋರೆಲ್ಲ ಅವಳ್ನ ಕೂರಿಸ್ಕೊಂಡು ಅದೇ ಪ್ರಶ್ನೆ ಕೇಳ್ತಾರೆ, ಆಟನಾ ಓದಾ, ಯಾವ್ದಾದ್ರೂ ಒಂದು ಡಿಸೈಡ್ ಮಾಡಮ್ಮ ಅಂತ. ಅವಳು ಸುಮ್ನೆ ನಕ್ಕು ಒಳಗೆ ಹೋಗ್ತಾಳೆ. ನಂಗೆ ಮೈ ಉರಿಯುತ್ತೆ.

ಫಾರ್ವರ್ಡ್ ಆಡೋರಿಗೆ ಕೇಳಿ, ಅರ್ಧ ಒಪ್ತೀನಿ, ಕಾಲಿನ ಸ್ಪೀಡಿಗೆ ವಯಸ್ಸು ಅಂತ ಒಂದಿರುತ್ತೆ. ಕೀಪರ್ ಹಣ್ಣಾಗೋದೇ ನಿಧಾನಕ್ಕೆ ಕಣ್ರೀ. ನಮ್ಮ ಇಂಡಿಯಾ ಹಾಕಿ ಟೀಮಿಗೆ ಕೀಪರ್ ಆಗಿದ್ದ ಶ್ರೀಜೇಶ್ ನೋಡಿ, ಟೋಕಿಯೋ ಒಲಿಂಪಿಕ್ಸಲ್ಲಿ ಕಂಚಿನ ಮ್ಯಾಚು, ಜರ್ಮನಿ ಮೇಲೆ 5-4 ಇದ್ದಾಗ ಕೊನೇ ಸೆಕೆಂಡುಗಳಲ್ಲಿ ಬಂದ ಪೆನಾಲ್ಟಿ ಕಾರ್ನರ್ ತಡೆದ್ರಲ್ಲ, ಆಗ ಅವ್ರಿಗೆ 33, 2024ರಲ್ಲಿ ಪ್ಯಾರಿಸಲ್ಲಿ ಸ್ಪೇನ್ ಸೋಲಿಸಿ ಮತ್ತೊಂದು ಕಂಚು ತಗೊಂಡು ಪ್ಯಾಡ್ ಬಿಚ್ಚಿಟ್ಟಾಗ 36. ಅಂದ್ರೆ ನಮ್ಮ ಹುಡುಗಿ ಮುಂದೆ ಇನ್ನೂ 20 ವರ್ಷ ಬಿದ್ದಿದೆ, ಮನೆಗೆ ಬಂದೋರಿಗೆ ಕಾಫಿ ಲೋಟ ಖಾಲಿ ಆಗೋದ್ರೊಳಗೆ ಉತ್ತರ ಬೇಕು.

ಐಸ್ ಹಾಕಿ ಕಡೆ ಕೆನ್ ಡ್ರೈಡನ್ ಅಂತ ಇದ್ರು, ಕೆನಡಾದವ್ರು, ಇವ್ರೂ ಗೋಲ್‌ಕೀಪರ್ರೇ. 1964ರಲ್ಲಿ, ಇನ್ನೂ 16 ವರ್ಷ ಇರುವಾಗ್ಲೇ ಎನ್‌ಎಚ್‌ಎಲ್ ಅಂತ ಅಲ್ಲಿನ ದೊಡ್ಡ ಐಸ್ ಹಾಕಿ ಲೀಗಿನ ಟೀಮೊಂದು ಡ್ರಾಫ್ಟ್ ಮಾಡ್ಕೊಳ್ತು, ಅಂದ್ರೆ ನಮ್ಮ ಆಟಗಾರ ಅಂತ ಆರಿಸ್ಕೊಳ್ತು, ಇವ್ರು ಕಾರ್ನೆಲ್ ಯೂನಿವರ್ಸಿಟಿಗೆ ಓದೋಕೆ ಹೋದ್ರು, ಹೋಗಿ ಅಲ್ಲೇ ಆಡಿದ್ರು. ಆಮೇಲೆ 1971ರಲ್ಲಿ ಮಾಂಟ್ರಿಯಲ್ ಟೀಮಿಗೆ ಬರೀ 6 ಲೀಗ್ ಮ್ಯಾಚ್ ಆಡಿ ಪ್ಲೇಆಫ್‌ಗೆ ನಿಂತು ಸ್ಟಾನ್ಲಿ ಕಪ್, ಅಂದ್ರೆ ಆ ಲೀಗಿನ ಟ್ರೋಫೀನೇ, ಗೆಲ್ಲಿಸ್ಬಿಟ್ರು. ಆಡ್ತಾನೇ ಲಾ ಡಿಗ್ರೀನೂ ಮುಗಿಸಿದ್ರು, ಕಾಂಟ್ರಾಕ್ಟ್ ವಿಷ್ಯದಲ್ಲಿ ಜಗಳ ಆದಾಗ ಒಂದಿಡೀ ಸೀಸನ್ ಆಟ ಬಿಟ್ಟು ಲಾಯರ್ ಆಫೀಸಲ್ಲಿ ಕೆಲಸ ಮಾಡಿದ್ರು, ವಾಪಸ್ ಬಂದು ಇನ್ನೂ 4 ಕಪ್, ಒಟ್ಟು 6. ಮುಂದೆ ಮಿನಿಸ್ಟ್ರೂ ಆದ್ರು. ಎಲ್ರೂ ಡ್ರೈಡನ್ ಆಗಲ್ಲ ಅಂತೀರಾ, ಗೊತ್ತು, ನಮ್ಮ ಹುಡುಗೀನೂ ಆಗ್ಬೇಕಿಲ್ಲ, ಆದ್ರೆ ಓದಿದ್ರೆ ಆಟ ಕೆಡುತ್ತೆ ಅನ್ನೋ ಮಾತು ಇವ್ರ ಮುಂದೆ ನಿಲ್ಲಲ್ಲ.

ಟೈಮ್ ಮ್ಯಾನೇಜ್‌ಮೆಂಟ್ ಮಾಡ್ಕೋ ಅಂತ ಮಕ್ಕಳಿಗೇ ಬೋಧನೆ ಮಾಡ್ತೀವಲ್ಲ, ಒಂದು ಸಲ ಪ್ರಾಕ್ಟೀಸ್ ನೋಡೋಕೆ ಹೋಗಿ. ನಾನು ಹೋಗಿ ಕೂತಿದ್ದೆ. ಎರಡು ಗಂಟೆ ಸೆಷನ್ನು, ಅದ್ರಲ್ಲಿ ಕೀಪರ್‌ಗೆ ಅಂತ ಹೇಳ್ಕೊಟ್ಟಿದ್ದು ಹತ್ತು ನಿಮಿಷ ಇರ್ಬಹುದು. ಉಳಿದ ಟೈಮೆಲ್ಲ ಇವಳು ಬೇರೆಯವ್ರ ಪ್ರಾಕ್ಟೀಸ್‌ಗೆ ಗೋಡೆ. ಗೋಲ್ ಮುಂದಿನ ಅರ್ಧವೃತ್ತ ಇದೆಯಲ್ಲ, ಡಿ ಅಂತಾರೆ, ಅದ್ರ ಅಂಚಲ್ಲಿ ಸಾಲಾಗಿ ನಿಂತು ಒಬ್ರಾದ್ಮೇಲೆ ಒಬ್ರು ಹೊಡೀತಾನೇ ಇರ್ತಾರೆ, 160 ಗ್ರಾಂ ಆಸುಪಾಸಿನ ಕಲ್ಲಿನಂಥ ಬಾಲು, ಹಿಂದೆ 3.66 ಮೀಟರ್ ಅಗಲದ ಗೋಲು, ಒಂದು ತಡೆದು ಎದ್ದು ನಿಲ್ಲೋಷ್ಟರಲ್ಲಿ ಇನ್ನೊಂದು ಬಂತು, ಅದ್ಯಾವ ಆಂಗಲ್ಲು ಅಂತ ನೋಡೋಕೂ ಪುರುಸೊತ್ತಿಲ್ಲ, ಇದ್ರಿಂದ ಅವಳಿಗೆ ಕಲಿಯೋದೇನಿದೆ ಹೇಳಿ, ಸುಸ್ತಾಗೋದು ಬಿಟ್ರೆ. ಅರ್ಧ ಗಂಟೆ ಸರಿಯಾಗಿ ಕೀಪಿಂಗ್ ಹೇಳ್ಕೊಟ್ಟು, ಇನ್ನರ್ಧ ಗಂಟೆ ಶೂಟಿಂಗ್‌ಗೆ ನಿಲ್ಲಿಸ್ಕೊಂಡು ಕಳ್ಸಿ ಕೋಚ್ ಸಾರ್, ಉಳಿದ ಒಂದು ಗಂಟೆ ಅವಳು ಓದ್ಕೊಳ್ತಾಳೆ. ಆಮೇಲೆ ಆ ಎರಡನೇ ಕೀಪರ್ ಮಗು, ಪಾಪ, ಬೇರೆಯವ್ರೆಲ್ಲ ಮ್ಯಾಚಲ್ಲಿ ಒಳಗೆ ಹೊರಗೆ ಓಡಾಡ್ತಾನೇ ಇರ್ತಾರೆ, ಅದು ಮಾತ್ರ 60 ನಿಮಿಷಾನೂ ಬೆಂಚು ಕಾಯುತ್ತೆ. ಅದ್ರ ಬಗ್ಗೆ ಇನ್ನೊಂದು ಎಪಿಸೋಡೇ ಮಾಡ್ಬೇಕು.

ಗಂಟೆ ಲೆಕ್ಕ ಹೇಗೋ ಹೊಂದಿಸ್ಕೋಬಹುದು, ತಲೆ ಕಷ್ಟ. ಫಾರ್ವರ್ಡ್ ಐದು ಚಾನ್ಸ್ ಬಿಟ್ಟು ಒಂದು ಗೋಲ್ ಹೊಡೆದ್ರೂ ಹೀರೋ, ಕೀಪರ್ ಐದು ಹಿಡಿದು ಒಂದು ಬಿಟ್ರೆ ಮನೆಗೆ ಬರೋದು ಆ ಒಂದೇ. ಪುಸ್ತಕ ತೆಗೆದ್ರೆ ಅಲ್ಲೂ ಅದೇ ಬಾಲು. ಇವಳ ಫಿಸಿಕ್ಸ್ ನೋಟ್‌ಬುಕ್ ಮೊನ್ನೆ ನೋಡಿದೆ, ಮುಂದಿನಿಂದ ತೆಗೆದ್ರೆ ಲೆನ್ಸು, ಮಿರರ್ರು, ನೀಟಾಗಿ ಸ್ಕೇಲಿಟ್ಟು ಗೆರೆ ಹಾಕಿದಾಳೆ, ಹಿಂದಿನಿಂದ ತೆಗೆದ್ರೆ ಪುಟ ಪುಟಕ್ಕೂ ಗೋಲ್‌ಪೋಸ್ಟು, ಬಾಲ್ ಎಲ್ಲಿಂದ ಬಂತು, ತಾನೆಲ್ಲಿ ನಿಂತಿದ್ದೆ ಅಂತ ಬಾಣ, ಒಂದರ ಪಕ್ಕ ಮಾತ್ರ ‘ಎಡಗಾಲು ಲೇಟ್’ ಅಂತ ಬರೆದು ಮೂರು ಸಲ ಅಡಿಗೆರೆ. ಇದೇನೇ ಅಂದೆ. ‘ಬರೆದ್ರೆ ಹೋಗುತ್ತೆ ಮಾಮ, ಆಮೇಲೆ ಓದ್ಬಹುದು’ ಅಂದ್ಲು. ಯಾರೂ ಹೇಳ್ಕೊಟ್ಟಿದ್ದಲ್ಲ ಇದು.

ಅವಳಿಗೆ ಫಿಸಿಯೋಥೆರಪಿ ಓದೋ ಆಸೆ ಇದೆಯಂತೆ, ದೇಶಕ್ಕೆ ಆಡೋ ಆಸೇನೂ ಇದೆ, ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ಲು, ನಾನೂ ಯಾವ್ದು ಮೊದ್ಲು ಅಂತ ಕೇಳೋಕೆ ಹೋಗ್ಲಿಲ್ಲ.

ಶನಿವಾರ ಮ್ಯಾಚಿದೆ, ಸೋಮವಾರ ಕೆಮಿಸ್ಟ್ರಿ ಪೇಪರ್ರು. ಅಲ್ಲೀವರ್ಗೂ ದಯವಿಟ್ಟು ನಮ್ಮಕ್ಕನ ಮನೆಗೆ ಯಾರೂ ಬರ್ಬೇಡಿ.