‘ಇಷ್ಟೇನಾ?’ ಅನ್ನೋ ಭಯಕ್ಕೆ ಗಾಡಿ ತುಂಬಬೇಡಿ

ನಮಸ್ಕಾರ. ಇವತ್ತು ಒಂದು ಹುಟ್ಟುಹಬ್ಬದ ಪಾರ್ಟಿಯಿಂದ ಮಾತು ಶುರು ಮಾಡ್ತೀನಿ. ಎಪ್ಪತ್ತು ಜನ, ಮೊದಲನೇ ಮಹಡಿಯ ಹಾಲ್, ಲಿಫ್ಟ್ ಇಲ್ಲ. ನಾನು ಡಿಜೆ ಕೆಲಸಕ್ಕೆ, ಅಂದರೆ ಪಾರ್ಟಿಗಳಲ್ಲಿ ಹಾಡು ಹಾಕಿ ಜನರನ್ನ ಕುಣಿಸೋ ಕೆಲಸಕ್ಕೆ ಇಳಿದು ಇನ್ನೂ ವರ್ಷ ತುಂಬಿರಲಿಲ್ಲ. ಮನೇಲಿ ಏನೇನಿತ್ತೋ ಅಷ್ಟನ್ನೂ ಹೊತ್ತುಕೊಂಡು ಹೋಗಿದ್ದೆ. ನಾಲ್ಕು ಟಾಪ್ (ಹಾಡಿನ ಮುಖ್ಯ ಸ್ಪೀಕರ್), ದಪ್ಪ ಸದ್ದಿಗೆ 18 ಇಂಚಿನ ಎರಡು ಬೇಸ್ ಬಾಕ್ಸ್, ತಲಾ 300 ವ್ಯಾಟಿನ ನಾಲ್ಕು ಹಳೇ ಪಾರ್ ಲೈಟ್ (ಬಣ್ಣದ ಬೆಳಕು ಚೆಲ್ಲೋ ದೀಪ), 1500 ವ್ಯಾಟಿನ ಒಂದು ಫಾಗ್ ಮಷಿನ್, ಅಂದರೆ ಹೊಗೆ ಬಿಡೋ ಯಂತ್ರ. ಎಲ್ಲವನ್ನೂ ಮೆಟ್ಟಿಲು ಹತ್ತಿಸಿ, ವೈರ್ ಎಳೆದು ಮುಗಿಸೋ ಹೊತ್ತಿಗೆ ಅರ್ಧ ಜನ ಬಂದು ಕೂತಿದ್ದರು. ಸರಿಯಾಗಿ ಸೌಂಡ್ ಚೆಕ್ ಮಾಡೋಕೂ ಸಮಯ ಸಿಗಲಿಲ್ಲ. ಹತ್ತಿರದಲ್ಲಿ ಕಂಡ ಒಂದೇ ಪ್ಲಗ್ ಪಾಯಿಂಟಿಗೆ ಎಲ್ಲವನ್ನೂ ಸಿಕ್ಕಿಸಿದೆ.

ಮೂರನೇ ಹಾಡಿಗೆ ಜನ ಎದ್ದರು. ಚೆನ್ನಾಗಿ ಕುಣೀತಾ ಇದ್ದರು. ಟಪ್ ಅಂತ ಎಲ್ಲಾ ಆರಿಹೋಯ್ತು. ಲ್ಯಾಪ್‌ಟಾಪ್ ಪರದೆ ಮೇಲೆ ಹಾಡು ಓಡ್ತಾನೇ ಇದೆ, ಸ್ಪೀಕರಲ್ಲಿ ಉಸಿರಿಲ್ಲ. ನನ್ನೆದುರಿಗೆ ಒಬ್ಬ ಹುಡುಗಿ ಎರಡೂ ಕೈ ಮೇಲೆತ್ತಿದ್ದಳು. ಆ ಕೈ ಹಾಗೇ ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ನಿಧಾನಕ್ಕೆ ಇಳೀತು. ಆ ಇಳಿದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜೊತೆಗಿದ್ದ ಹುಡುಗ ಓಡಿಬಂದು, “ಅಣ್ಣಾ, ಎಂಸಿಬಿ ಬಿದ್ದಿದೆ, ಅದಿರೋ ರೂಮಿಗೆ ಬೀಗ” ಅಂದ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ಕರೆಂಟ್ ತಾನಾಗೇ ಕಡಿಯೋ ಸ್ವಿಚ್. ಬೀಗದ ಕೈ ಸಿಗೋಕೆ ಹನ್ನೆರಡು ನಿಮಿಷ. ಮತ್ತೆ ಹಾಡು ಬಂತು, ಎದ್ದು ಹೋದ ಜನ ಮಾತ್ರ ಡ್ಯಾನ್ಸ್ ಫ್ಲೋರಿಗೆ ವಾಪಸ್ ಬರಲಿಲ್ಲ.

ಲೆಕ್ಕ ಬಹಳ ಸುಲಭ. 230 ವೋಲ್ಟ್, 10 ಆಂಪಿಯರ್ ಲೈನ್ ಅಂದರೆ 2300 ವ್ಯಾಟ್. ನನ್ನ ಲೈಟು 1200, ಫಾಗ್ 1500, ಅಲ್ಲಿಗೇ 2700. ಸ್ಪೀಕರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಎಂಸಿಬಿ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತೆ, ಬಿಸಿಯಾಗುತ್ತೆ, ಆಮೇಲೆ ಬೀಳುತ್ತೆ. ಅದಕ್ಕೇ ಎರಡು ಹಾಡು ಸರಿಯಾಗಿ ನಡೆದು ಮೂರನೇದಕ್ಕೆ ಕೈ ಕೊಡ್ತು. ಅಂದರೆ ಆವತ್ತು ಪಾರ್ಟಿ ನಿಂತಿದ್ದು ಸಾಮಾನು ಕಮ್ಮಿಯಾಗಿ ಅಲ್ಲ. ಯಾರೂ ಕೇಳದೇ ಇದ್ದ ಹೊಗೆ ಯಂತ್ರದಿಂದ.

ಹಾಗಾದರೆ ಯಾಕೆ ತಗೊಂಡು ಹೋದೆ? ಪ್ರಾಮಾಣಿಕವಾಗಿ ಹೇಳ್ತೀನಿ, ಭಯಕ್ಕೆ. ಕಾರ್ಯಕ್ರಮ ಮಾಡಿಸೋರು ಬಂದು ನನ್ನ ಸೆಟಪ್ ಮೇಲೆ ಕೆಳಗೆ ನೋಡಿ “ಇಷ್ಟೇನಾ?” ಅಂದುಬಿಟ್ಟರೆ ಅನ್ನೋ ಭಯ. ಈ ಕೆಲಸದಲ್ಲಿರೋ ನಮ್ಮಲ್ಲಿ ಬಹಳ ಜನರ ಗಾಡಿ ತುಂಬೋದು ಇದೇ ಒಂದು ಮಾತಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಮಗೆ ಹಾಸಿಗೆ ಅಂದರೆ ಡ್ಯಾನ್ಸ್ ಫ್ಲೋರು. ಗಾಡಿ ಅಲ್ಲ, ಗೋಡೌನೂ ಅಲ್ಲ.

ಈಗ ಯಾರಾದರೂ ಫೋನ್ ಮಾಡಿ “ಮುನ್ನೂರು ಜನ ಬರ್ತಾರೆ” ಅಂದರೆ ನಾನು ಕೇಳೋದು, “ಕುಣಿಯೋರು ಎಷ್ಟು ಜನ? ಎಲ್ಲಿ ಕುಣೀತಾರೆ?” ಮುನ್ನೂರರಲ್ಲಿ ಒಂದು ಸಲಕ್ಕೆ ಫ್ಲೋರ್ ಮೇಲೆ ಇರೋದು ಅರವತ್ತೋ ಎಂಬತ್ತೋ. ಜೋರು ಸೌಂಡ್ ಬೇಕಾಗಿರೋದು ಅವರಿಗೆ. ಉಳಿದವರು ಕೂತು ಮಾತಾಡ್ತಾ ಇರ್ತಾರೆ, ಅವರಿಗೆ ಹಾಡು ಕಿವಿಗೆ ಬಿದ್ದರೆ ಸಾಕು, ಎದೆಗೆ ಗುದ್ದಬೇಕಾಗಿಲ್ಲ.

ವ್ಯಾಟ್ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. 1000 ವ್ಯಾಟಿನ ಜಾಗದಲ್ಲಿ 2000 ವ್ಯಾಟ್ ತಂದರೆ ಸೌಂಡ್ ಎರಡು ಪಟ್ಟು ಆಗೋದಿಲ್ಲ. ಏರೋದು ಬರೀ 3 ಡೆಸಿಬೆಲ್ (ಸೌಂಡ್ ಎಷ್ಟು ಜೋರು ಅಂತ ಅಳೆಯೋ ಮಾನ). ಕಿವಿಗೆ “ಹೌದು, ಸ್ವಲ್ಪ ಜಾಸ್ತಿಯಾಯ್ತು” ಅನ್ನಿಸುತ್ತೆ, ಅಷ್ಟೇ. ಕೇಳೋರಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಪವರ್ ಬೇಕು. ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿರೋ ಅಂಕಿ ಬಹಳ ಸಲ ಪೀಕ್ (ಒಂದು ಕ್ಷಣದ ಗರಿಷ್ಠ) ಅಂಕಿ, ಒಂದೇ ಸಮನೆ ಕೊಡೋ ಶಕ್ತಿ ಅದರ ಅರ್ಧವೋ ಕಾಲುಭಾಗವೋ ಇರುತ್ತೆ. ಹಾಗಾಗಿ ಎರಡರ ಜಾಗದಲ್ಲಿ ನಾಲ್ಕು ಟಾಪ್ ಒಯ್ದರೆ ನಿಮ್ಮ ಬೆನ್ನಿಗೆ ಬೀಳೋ ಭಾರ ಎರಡು ಪಟ್ಟು. ಕೇಳೋರಿಗೆ ಸಿಗೋ ಲಾಭ ಅಷ್ಟಿಲ್ಲ. ಅದೂ ಬೇರೆ ಬೇರೆ ಮೂಲೆಯಲ್ಲಿಟ್ಟ ಸ್ಪೀಕರುಗಳು ಒಂದರ ಸೌಂಡನ್ನ ಇನ್ನೊಂದು ಕೆಡಿಸೋದೂ ಉಂಟು.

ಅದಕ್ಕಿಂತ ಕೆಲಸ ಮಾಡೋದು ಎತ್ತರ. ಟಾಪನ್ನ ಸ್ಟ್ಯಾಂಡ್ ಮೇಲೆ ಏರಿಸಿ, ಹಾರ್ನ್ (ಮೇಲಿನ ಸ್ವರ ಹೊರಡೋ ಬಾಯಿ) ಜನರ ತಲೆಗಿಂತ ಮೇಲೆ ಇರೋ ಹಾಗೆ ಮಾಡಿ. ಮನುಷ್ಯರ ಮೈ, ಬಟ್ಟೆ ಎಲ್ಲಾ ಮೇಲಿನ ಸ್ವರಗಳನ್ನ ಹೀರಿಕೊಳ್ಳುತ್ತೆ. ಸ್ಪೀಕರ್ ಎದೆಯ ಎತ್ತರದಲ್ಲಿದ್ದರೆ ಮುಂದಿನ ಸಾಲಿಗೆ ಕಿವಿ ನೋವು, ಹಿಂದಿನ ಸಾಲಿಗೆ ಏನೂ ತಿಳಿಯದ ಗೊಜಗೊಜ. ಎತ್ತರಿಸಿದರೆ ಅದೇ ಪೆಟ್ಟಿಗೆ ಇಡೀ ಫ್ಲೋರಿಗೆ ಸಾಕಾಗುತ್ತೆ. ನೂರು ಜನರ ಒಳಾಂಗಣಕ್ಕೆ 12 ಇಂಚಿನ ಎರಡು ಒಳ್ಳೇ ಟಾಪು, ಒಂದು ಬೇಸ್. ಇದು ನನ್ನ ಲೆಕ್ಕ. ಬೇಸ್ ಬಾಕ್ಸ್ ಇದ್ದ ಮೇಲೆ 80ರಿಂದ 100 ಹರ್ಟ್ಸ್ ಕೆಳಗಿನ, ಅಂದರೆ ತೀರಾ ದಪ್ಪ ಸ್ವರಗಳ ಕೆಲಸ ಅದರದು, ಟಾಪ್ 15 ಇಂಚಿಂದೇ ಆಗಬೇಕು ಅನ್ನೋ ಹಟ ಬೇಕಿಲ್ಲ.

ಬೇಸ್ ಬಗ್ಗೆ ಇನ್ನೊಂದು ಮಾತು. ಎರಡು ಬಾಕ್ಸ್ ಒಯ್ದರೆ ನೋಡೋಕೆ ಚೆಂದ ಅಂತ ಎಡಕ್ಕೊಂದು ಬಲಕ್ಕೊಂದು ಇಡ್ತೀವಿ. 60 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 5.7 ಮೀಟರ್. ಎರಡೂ ಕಡೆಯಿಂದ ಬರೋ ಅಲೆಗಳು ಕೆಲವು ಜಾಗದಲ್ಲಿ ಕೂಡಿಕೊಳ್ತವೆ, ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕ್ತವೆ. ಫ್ಲೋರಿನ ನಟ್ಟನಡುವೆ ನಿಂತೋರಿಗೆ ಎದೆ ನಡುಗುತ್ತೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಬೇಸೇ ಇಲ್ಲ. ಎರಡನ್ನೂ ಅಂಟಿಸಿ ಒಂದೇ ಕಡೆ ಇಡಿ. ಒಂದೇ ಇದ್ದರೆ ಗೋಡೆಗೆ ತಾಗಿಸಿ ಇಟ್ಟು ನೋಡಿ, ನೆಲ ಮತ್ತು ಗೋಡೆ ಎರಡೂ ಸೇರಿ ಕೊಡೋ ಬಲ ಕೇಳಿದರೆ ನಿಮಗೇ ಆಶ್ಚರ್ಯ ಆಗುತ್ತೆ. ಬಹಳ ಸಲ ಎರಡನೇ ಬಾಕ್ಸಿನ ಆಸೆ ಅಲ್ಲಿಗೇ ತೀರುತ್ತೆ.

ಇದರ ಅರ್ಥ ಎಲ್ಲೆಲ್ಲೂ ಚಿಕ್ಕದೇ ಒಯ್ಯಿರಿ ಅಂತಲ್ಲ. ಬಯಲಲ್ಲಿ ಕಾರ್ಯಕ್ರಮ ಅಂದರೆ ನಾನು ಕೈ ಬಿಗಿ ಹಿಡಿಯೋದಿಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಹೋಗುತ್ತೆ. ಒಂದು ಮೀಟರಿನಲ್ಲಿ 100 ಇದ್ದದ್ದು ನಾಲ್ಕು ಮೀಟರಿಗೆ 88, ಹದಿನಾರು ಮೀಟರಿಗೆ 76. ವಾಪಸ್ ಕೊಡೋಕೆ ಗೋಡೆಯಿಲ್ಲ, ಚಾವಣಿಯಿಲ್ಲ. ಅಲ್ಲಿ ಒಂದು ಬೇಸ್ ಕಮ್ಮಿ ತಂದರೆ ಹಾಡು ರೇಡಿಯೋ ಥರ ಕೇಳುತ್ತೆ. ಒಳಗಡೆ ಆದರೂ ಸ್ಪೀಕರನ್ನ ಕೆಂಪು ದೀಪ ಮಿಣುಕೋ ತನಕ ಹಿಂಡಬಾರದು. ಕಿರುಚೋ ಸೌಂಡಿಗೆ ಜನ ಅರ್ಧ ಗಂಟೆಗೇ ಸುಸ್ತಾಗ್ತಾರೆ, ಯಾಕೆ ಅಂತ ಅವರಿಗೂ ಗೊತ್ತಾಗಲ್ಲ. ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ಪೀಕರ್ ಒಯ್ಯಿರಿ, ಮುಕ್ಕಾಲಕ್ಕಿಂತ ಕೆಳಗೆ ಓಡಿಸಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡೋದು ಬೇರೆ, ಇದು ಬೇರೆ.

ಕಿವಿಯ ಮಾತೂ ಬಂತು. ಮನರಂಜನೆಯ ಜಾಗಗಳಲ್ಲಿ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ, ಹದಿನೈದು ನಿಮಿಷದ ಸರಾಸರಿ ಹಿಡಿದು. ಚಿಕ್ಕ ಹಾಲಿಗೆ ದೊಡ್ಡ ಸೆಟ್ ಒಯ್ದವರ ಕೈ ತಾನಾಗೇ ಫೇಡರ್ (ಸೌಂಡ್ ಏರಿಸಿ ಇಳಿಸೋ ಗುಂಡಿ) ಮೇಲಕ್ಕೆ ತಳ್ಳುತ್ತೆ. ತಂದಿದ್ದನ್ನ ತೋರಿಸಬೇಕು ಅನ್ನೋ ಆಸೆ. ನಾನೂ ತಳ್ಳಿದ್ದೀನಿ. ಒಂದು ಸಲ ಸ್ಪೀಕರ್ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ ಎರಡೂ ಕಿವಿಗೆ ಸೆರಗು ಒತ್ತಿಕೊಂಡು, ಮೊಮ್ಮಗಳು ಕುಣಿಯೋದನ್ನ ನಗುತ್ತಾ ನೋಡ್ತಾ ಇದ್ದರು. ಎದ್ದು ಹೋಗೋಕೆ ಮನಸ್ಸಿಲ್ಲ, ಕೂರೋಕೆ ಆಗ್ತಿಲ್ಲ. ಹಾಡಿನ ನಡುವೆಯೇ ಹೋಗಿ ಸ್ಪೀಕರ್ ತಿರುಗಿಸಿ, ಸೌಂಡ್ ಇಳಿಸಿದೆ. ಕುಣಿಯೋರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಹಳೆಯವರನ್ನ ನೆನೆಸಿಕೊಂಡರೆ ನನಗೆ ಗೌರವ ಬರುತ್ತೆ. ಟೆಕ್ನಿಕ್ಸ್ ಎಸ್ಎಲ್-1200 ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, 1972ರಲ್ಲಿ ಬಂತು, ಒಂದೊಂದು ಹತ್ತು ಕೆಜಿಗಿಂತ ಮೇಲೆ ತೂಗುತ್ತೆ. ಎರಡು ಬೇಕೇ ಬೇಕು. ಎಂಬತ್ತು ತೊಂಬತ್ತು ರೆಕಾರ್ಡಿನ ಪೆಟ್ಟಿಗೆ ಇಪ್ಪತ್ತು ಕೆಜಿ ಹತ್ತಿರ, ಅಂಥವು ಎಷ್ಟೋ. ಮೇಲೆ ಕಬ್ಬಿಣದ ಗುಂಡಿನಂಥ ಆಂಪ್ಲಿಫಯರು. ಇವತ್ತು ಅಷ್ಟೂ ಹಾಡು ಹೆಬ್ಬೆರಳಷ್ಟು ಪೆನ್‌ಡ್ರೈವಿನಲ್ಲಿ ಕೂರುತ್ತೆ, ಕ್ಲಾಸ್-ಡಿ ಅನ್ನೋ ಹಗುರ ಥರದ ಆಂಪ್ಲಿಫಯರ್ ಬಂದ ಮೇಲೆ ಸ್ಪೀಕರಿನ ತೂಕವೂ ಇಳೀತು. ಅವರಿಗೆ ಹೊರದೆ ಬೇರೆ ದಾರಿ ಇರಲಿಲ್ಲ. ನಮಗಿದೆ. ಹಗುರಾಗಿ ಉಳಿದ ಆ ಜಾಗಕ್ಕೆ ನಾವು ಮತ್ತೆ ಕಬ್ಬಿಣವನ್ನೇ ತುಂಬಿದ್ದೀವಿ ಅನ್ನೋದು ನನ್ನ ಬೇಜಾರು.

ಹಾಗಾದರೆ ಆ ಜಾಗಕ್ಕೆ ಏನು? ಇದು ನನಗೆ ಬಹಳ ಮುಖ್ಯ. ಪ್ರತಿಯೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು, “ಇದು ಸತ್ತರೆ ಕಾರ್ಯಕ್ರಮ ನಿಲ್ಲುತ್ತಾ?” ಅಂತ ಕೇಳಿಕೊಳ್ಳಿ. ಎರಡು ಟಾಪಿನಲ್ಲಿ ಒಂದು ಹೋದರೆ ನಿಲ್ಲಲ್ಲ, ಇನ್ನೊಂದರಲ್ಲಿ ಹೇಗೋ ರಾತ್ರಿ ಕಳೆಯುತ್ತೆ. ಮೂವಿಂಗ್ ಹೆಡ್ ಲೈಟ್ ಹೋದರೆ ನಿಲ್ಲಲ್ಲ. ಹಾಡು ಬೆರೆಸೋ ಕಂಟ್ರೋಲರಿಗೆ ಹೋಗೋ ಯುಎಸ್‌ಬಿ ಕೇಬಲ್ ಹೋದರೆ? ನಿಲ್ಲುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಮರೆತರೆ ಎರಡು ಗಂಟೆಗೆ ನಿಲ್ಲುತ್ತೆ. ಮೈಕಿನ ಸೆಲ್ ಮುಗಿದರೆ, ಯಾರೋ ಭಾಷಣಕ್ಕೆ ಎದ್ದು ನಿಂತಾಗ ಬಾಯಿ ಆಡುತ್ತೆ, ಮಾತು ಕೇಳಲ್ಲ. ಹಾಗೆ ನಿಲ್ಲಿಸೋ ವಸ್ತುಗಳೆಲ್ಲಾ ಚಿಕ್ಕವು, ಅಂಗೈಯಲ್ಲಿ ಹಿಡಿಸೋವು. ಅವುಗಳಲ್ಲಿ ಒಂದೊಂದಕ್ಕೂ ಎರಡು ಇರಲಿ. ಮೂರನೇ ಟಾಪ್ ಬೇಡ, ಎರಡನೇ ಯುಎಸ್‌ಬಿ ಕೇಬಲ್ ಬೇಕು.

ನನ್ನ ಹತ್ತಿರ ಒಂದು ಮಾಸಿದ ಜಿಪ್ಪಿನ ಚೀಲ ಇದೆ. ಯುಎಸ್‌ಬಿ ಕೇಬಲ್, ಎರಡು ಎಕ್ಸ್‌ಎಲ್‌ಆರ್ (ಮೈಕಿಗೆ, ಸ್ಪೀಕರಿಗೆ ಹೋಗೋ ಕೇಬಲ್), ಪವರ್ ಕಾರ್ಡ್, ಫ್ಯೂಸ್, ಸೆಲ್, ವೈರ್ ಇರೋ ಒಂದು ಮೈಕ್, ಟೆಸ್ಟರ್, ವೈರನ್ನ ನೆಲಕ್ಕೆ ಅಂಟಿಸೋ ಗ್ಯಾಫರ್ ಟೇಪ್. ಜೊತೆಗೆ ಫೋನಿನಿಂದ ಮಿಕ್ಸರಿಗೆ ಹೋಗೋ ಒಂದು ಸಣ್ಣ ಕೇಬಲ್. ಒಂದು ರಾತ್ರಿ ಲ್ಯಾಪ್‌ಟಾಪ್ ಹಾಡಿನ ಮಧ್ಯೆ ಕಲ್ಲಾಗಿ ಕೂತುಬಿಡ್ತು. ಚೀಲದ ಜಿಪ್ ಎಳೆದೆ, ಕೈ ನಡುಗ್ತಾ ಇತ್ತು, ಆದರೂ ಆ ಕೇಬಲ್ ಯಾವ ಮೂಲೆಯಲ್ಲಿದೆ ಅಂತ ಬೆರಳಿಗೆ ಗೊತ್ತಿತ್ತು. ಫೋನಿಗೆ ಚುಚ್ಚಿ, ಮೊದಲೇ ಇಳಿಸಿಕೊಂಡಿದ್ದ ಒಂದು ಗಂಟೆಯ ಮಿಕ್ಸ್ ಒತ್ತಿದೆ. ಅರ್ಧ ನಿಮಿಷದ ಮೌನ. ಜನ ಬೇಕಂತಲೇ ನಿಲ್ಲಿಸಿದ್ದೇನೋ ಅಂದುಕೊಂಡು ಕೂಗು ಹಾಕಿದರು. ಲ್ಯಾಪ್‌ಟಾಪ್ ಮತ್ತೆ ಎದ್ದು ಕೂರೋ ತನಕ ಅದೇ ಮಿಕ್ಸ್ ಓಡ್ತು.

ಇನ್ನು ಮೈ ಕೈ. ಒಬ್ಬರೇ ಎತ್ತೋಕಾಗದ ಪೆಟ್ಟಿಗೆಯನ್ನ ಒಬ್ಬರೇ ಹೋಗೋ ಕಾರ್ಯಕ್ರಮಕ್ಕೆ ಒಯ್ಯಬಾರದು. 18 ಇಂಚಿನ ಬೇಸ್ ನಲವತ್ತು ಕೆಜಿ ಇರೋದು ಸಾಮಾನ್ಯ. ಹೋಗುವಾಗ ಹುರುಪು ಇರುತ್ತೆ, ಹೇಗೋ ಏರಿಸ್ತೀವಿ. ರಾತ್ರಿ ಒಂದು ಗಂಟೆಗೆ, ಆರು ಗಂಟೆ ನಿಂತ ಕಾಲಲ್ಲಿ ಅದನ್ನೇ ಕತ್ತಲ ಮೆಟ್ಟಿಲಲ್ಲಿ ಇಳಿಸಬೇಕಲ್ಲ, ಅದನ್ನ ನೆನೆಸಿಕೊಂಡು ಲೋಡ್ ಮಾಡಿ. ಆಮೇಲೆ ಗಾಡಿ ಓಡಿಸಿಕೊಂಡು ಮನೆ ಸೇರೋರೂ ನೀವೇ. ಸೆಟಪ್ಪಿಗೆ ಒಂದೂವರೆ ಗಂಟೆ ಸಿಗುತ್ತೆ ಅಂದರೆ, ನಾನು ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಒಯ್ತೀನಿ. ಉಳಿದ ಅರ್ಧ ಗಂಟೆ ಖಾಲಿ ಹಾಲಿನಲ್ಲಿ ನಾಲ್ಕೂ ಮೂಲೆಗೆ ನಡೆದು ಹಾಡು ಕೇಳೋಕೆ. ಆ ನಡಿಗೆ ಕೊಡೋ ಸೌಂಡನ್ನ ಯಾವ ಹೆಚ್ಚುವರಿ ಪೆಟ್ಟಿಗೆಯೂ ಕೊಡಲ್ಲ.

“ನೋಡೋಕೆ ಚೆನ್ನಾಗಿರಬೇಕಲ್ವಾ?” ಅಂತ ನೀವು ಕೇಳಬಹುದು. ಖಂಡಿತ ಇರಬೇಕು, ಹಣ ಕೊಟ್ಟವರ ಕಣ್ಣಿಗೂ ಹಬ್ಬ ಆಗಬೇಕು. ಆದರೆ ಕಣ್ಣಿಗೆ ಕಿರಿಕಿರಿ ಮಾಡೋದು ಚಿಕ್ಕ ಸೆಟ್ ಅಲ್ಲ, ಗಲೀಜು ಸೆಟ್. ಮೇಜಿಗೊಂದು ಇಸ್ತ್ರಿ ಹಾಕಿದ ಕಪ್ಪು ಬಟ್ಟೆ, ನೆಲಕ್ಕೆ ನೀಟಾಗಿ ಟೇಪ್ ಹಾಕಿದ ವೈರ್, ಹಿಂದಿನ ಗೋಡೆಗೆ ಒಂದೇ ಬಣ್ಣ ಚೆಲ್ಲೋ ನಾಲ್ಕು ಎಲ್‌ಇಡಿ ಲೈಟ್. ಇಷ್ಟು ಮಾಡಿದಲ್ಲಿ ನನಗೆ ಯಾರೂ “ಇಷ್ಟೇನಾ?” ಅಂದಿಲ್ಲ. ಒಂದೇ ಒಂದು ಸಲ ಒಬ್ಬರು ಅಂದರು. “ಸರ್, ಇದು ನಿಮ್ಮ ಹಾಲಿಗೆ ಅಳತೆ ತಗೊಂಡು ತಂದಿದ್ದು, ಒಂದು ಹಾಡು ಕೇಳಿ” ಅಂತ ಹಾಕಿ ತೋರಿಸಿದೆ. ಅವರು ಫ್ಲೋರಿನ ಆ ಕೊನೆ ತನಕ ನಡೆದು ಹೋಗಿ, ಅಲ್ಲಿಂದಲೇ ಹೆಬ್ಬೆಟ್ಟು ತೋರಿಸಿದರು.

ಈ ಶನಿವಾರ ತೊಂಬತ್ತು ಜನರ ಕಾರ್ಯಕ್ರಮ ಇದೆ, ನೆಲಮಹಡಿ, ಒಳಾಂಗಣ. ನಿನ್ನೆ ಹೋಗಿ ನೋಡಿಬಂದೆ. ಪ್ಲಗ್ ಪಾಯಿಂಟ್ ಎರಡು ಬೇರೆ ಬೇರೆ ಲೈನಿನಲ್ಲಿದೆ, ಸೌಂಡಿಗೆ ಒಂದು, ಲೈಟಿಗೆ ಒಂದು. ಎಂಸಿಬಿ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳಿ ಅವರ ನಂಬರ್ ಬರೆದುಕೊಂಡೆ. ಚಾವಣಿಯಲ್ಲಿ ಹೊಗೆ ಅಲಾರಂ ಇದೆ, ಫಾಗ್ ಮಷಿನ್ ಮನೇಲೇ ಇರುತ್ತೆ. ಎರಡು ಟಾಪ್, ಒಂದು ಬೇಸ್, ನಾಲ್ಕು ಲೈಟ್, ಆ ಮಾಸಿದ ಚೀಲ. ಗಾಡಿಯ ಹಿಂದಿನ ಸೀಟು ಖಾಲಿ ಉಳಿಯುತ್ತೆ, ನಮ್ಮ ಹುಡುಗ ವಾಪಸ್ ಬರೋವಾಗ ಕಾಲು ಚಾಚಿ ಮಲಗಬಹುದು.