ಎಲ್‌ಇಡಿಗೆ ‘ಸಾಕು’ ಅನ್ನೋಕೆ ಬರಲ್ಲ ಸ್ವಾಮಿ!

ನಮಸ್ಕಾರ, ನಮಸ್ಕಾರ. ಇವತ್ತು ಸೋಲಾರ್ ಲೈಟ್ ಬಗ್ಗೆ ಮಾತಾಡಬೇಕಿತ್ತು. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ ನೋಡಿ, ಕೈಯಲ್ಲಿದ್ದ ಕಾಫಿ ಆರಿಹೋಯಿತು. “ಗುರು, ಎಲ್‌ಇಡಿಗೆ ರೆಸಿಸ್ಟರ್ ಯಾಕೆ? ಸುಮ್ನೆ ಬ್ಯಾಟರಿಗೆ ಹಾಕಿದೆ, ಚೆನ್ನಾಗಿ ಉರೀತಿದೆ.” ಅದಕ್ಕೆ ಹದಿನೈದು ಲೈಕು ಬೇರೆ.

ಉರಿಯುತ್ತೆ. ಎಷ್ಟು ಹೊತ್ತು?

ಎಲ್‌ಇಡಿಗೆ ‘ಸಾಕು’ ಅನ್ನೋಕೆ ಬರಲ್ಲ. ಮದುವೆ ಊಟದಲ್ಲಿ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಬಡಿಸುವವನು ಮುಂದೆ ಹೋಗುತ್ತಾನೆ, ಅಲ್ವಾ? ಎಲ್‌ಇಡಿಗೆ ಆ ಕೈ ಇಲ್ಲ. ಕರೆಂಟಿಗೆ ಅಡ್ಡ ನಿಲ್ಲುವ ಪುಟ್ಟ ಬಿಡಿಭಾಗ, ರೆಸಿಸ್ಟರೇ ಆ ಕೈ.

ಹಳೇ ಟಾರ್ಚ್ ಬಲ್ಬ್ ಮರ್ಯಾದಸ್ಥ. ತಂತಿ ಕಾದಷ್ಟೂ ಅದರ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ, ಕರೆಂಟಿಗೆ ತಾನೇ ಕಡಿವಾಣ ಹಾಕುತ್ತದೆ. ಎಲ್‌ಇಡಿ ಪೂರಾ ಉಲ್ಟಾ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಹತ್ತಿರ ಬರುವ ತನಕ ಕರೆಂಟ್ ಹರಿಯೋದೇ ಅಪರೂಪ. ಅಲ್ಲಿಂದ ವೋಲ್ಟೇಜ್ ಚೂರು ಏರಿದರೂ ಕರೆಂಟ್ ನೆಗೆಯುತ್ತದೆ. ಬಿಸಿಯಾದರೆ ಇನ್ನೂ ಎಳೆಯುತ್ತದೆ. ಎಳೆದಷ್ಟೂ ಇನ್ನೂ ಬಿಸಿ!

ಲೆಕ್ಕ ಬೇಕಾ? 9 ವೋಲ್ಟ್ ಬ್ಯಾಟರಿಯಲ್ಲಿ ಎಲ್‌ಇಡಿ 2 ಇಟ್ಟುಕೊಂಡಿತು, ಉಳಿದದ್ದು 7. ಮಾಮೂಲಿ 5 ಎಂಎಂ ಎಲ್‌ಇಡಿಗೆ 20 ಮಿಲಿಆಂಪ್ ಕರೆಂಟ್, ಅಂದ್ರೆ 0.02 ಆಂಪ್, ಸಾಕು. 7 ಭಾಗಿಸು 0.02, ಅಂದ್ರೆ 350 ಓಮ್; ರೆಸಿಸ್ಟೆನ್ಸಿನ ಅಳತೆ ಅದು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 350 ಕೇಳಬೇಡಿ, ಮುಖ ನೋಡ್ತಾರೆ; ಆ ಅಳತೆ ಮಾಮೂಲಿಯಾಗಿ ಸಿಗಲ್ಲ. 390 ತಗೊಳ್ಳಿ. ನಾನಂತೂ 470 ಹಾಕುತ್ತೇನೆ: ಅದರ ಮೈಮೇಲೆ ಹಳದಿ, ನೇರಳೆ, ಕಂದು ಪಟ್ಟಿ. 15 ಮಿಲಿಆಂಪ್ ಹರಿಯುತ್ತೆ, ಬೆಳಕಿನ ವ್ಯತ್ಯಾಸ ನಿಮ್ಮ ಕಣ್ಣಿಗೆ ಗೊತ್ತೂ ಆಗಲ್ಲ. ಪಟ್ಟಿ ನೋಡಿ ಓಮ್ ಓದುವ ಈ ಕಲರ್ ಕೋಡ್ ಬಗ್ಗೆ ಬೇರೆ ವಿಡಿಯೋ ಇದೆ, ನೋಡಿ. ದಯವಿಟ್ಟು ನೋಡಿ. ನಮ್ಮಮ್ಮ ಒಬ್ಬರೇ ನೋಡಿದ್ದಾರೆ.

“ಸರ್, ಬಟನ್ ಸೆಲ್ಲಿಗೆ ನೇರ ಸಿಕ್ಕಿಸಿದರೂ ಏನೂ ಆಗಲ್ಲವಲ್ಲ?” ಬಂದ್ರಪ್ಪ ಬುದ್ಧಿವಂತರು! ಆ ಪುಟ್ಟ ಸೆಲ್ಲಿನ ಹೊಟ್ಟೆಯಲ್ಲೇ ರೆಸಿಸ್ಟೆನ್ಸ್ ಇದೆ ಮಾರಾಯ್ರೇ, ಜಾಸ್ತಿ ಕೊಡೋಕೆ ಅದಕ್ಕೇ ಆಗಲ್ಲ. ಬಡಿಸುವವನ ಪಾತ್ರೆಯೇ ಖಾಲಿ. ಎಲ್‌ಇಡಿ ‘ಸಾಕು’ ಅಂದಿಲ್ಲ!

“ರೆಸಿಸ್ಟರ್ ಪವರ್ ತಿನ್ನುತ್ತೆ.” ತಿನ್ನುತ್ತೆ, 20 ಮಿಲಿಆಂಪಿಗೆ 0.14 ವ್ಯಾಟ್. ನಿಮ್ಮ ಮನೆ ಗೀಸರ್ ಬಗ್ಗೆ ಮಾತಾಡೋಣವಾ?

“ರೆಸಿಸ್ಟರ್ ಪ್ಲಸ್ ಕಾಲಿಗೋ, ಮೈನಸ್ ಕಾಲಿಗೋ?” ಯಾವ ಕಾಲಿಗಾದರೂ ಹಾಕಿ. ಸೀರೀಸಿನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಜೋಡಿಸಿದಾಗ, ಎಲ್ಲಾ ಕಡೆ ಒಂದೇ ಕರೆಂಟ್. ಹಾಕಿ ಅಷ್ಟೇ!

ಏಳನೇ ಕ್ಲಾಸಿನಲ್ಲಿ ದೀಪಾವಳಿಯ ಆಕಾಶಬುಟ್ಟಿಗೆ ಆರು ಎಲ್‌ಇಡಿ ಪ್ಯಾರಲಲ್ ಮಾಡಿ, ಅಂದ್ರೆ ಅಕ್ಕಪಕ್ಕ ಜೋಡಿಸಿ, ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದ್ದೆ. ಒಂದು ಝಗಮಗ, ಐದು ಮಂಕು. ಯಾರಿಗೆ ಕಡಿಮೆ ವೋಲ್ಟೇಜ್ ಸಾಕೋ ಅವನೇ ಎಲ್ಲಾ ಬಾಚಿಕೊಂಡ. ಅಪ್ಪ ಒಳಗೆ ಹೋಗಿ ಮಣ್ಣಿನ ಹಣತೆ ತಂದರು. ಒಬ್ಬೊಬ್ಬನಿಗೆ ಒಂದೊಂದು ರೆಸಿಸ್ಟರ್ ಹಾಕಿ! ಯಾಕೆ? ಯಾಕಂದ್ರೆ... ಅಯ್ಯೋ, ಹಾಕಿ ಸ್ವಾಮಿ, ನಾನು ಹೇಳ್ತಿದ್ದೀನಲ್ಲ!

ಇಗೋ, ಕ್ಯಾಮೆರಾ ಹತ್ತಿರ ತರುತ್ತೇನೆ. ಕೆಂಪು ಎಲ್‌ಇಡಿ, ಹೊಸ 9 ವೋಲ್ಟ್ ಬ್ಯಾಟರಿ, ರೆಸಿಸ್ಟರ್ ಇಲ್ಲ. ನೋಡಿ... ಕೆಂಪು ಹೋಗಿ ಕಿತ್ತಳೆ ಬಣ್ಣ ಬಂತು. ಹೋಯ್ತು. ವಾಸನೆ ನಿಮಗೆ ಬರಲ್ಲ, ಪುಣ್ಯವಂತರು. ಸಬ್‌ಸ್ಕ್ರೈಬ್ ಆಗಿ, ಸತ್ತ ಎಲ್‌ಇಡಿ ಖರ್ಚಾದರೂ ಹುಟ್ಟಲಿ.

ಕಾಮೆಂಟ್ ಹಾಕಿದ ಗುರುವೇ, ನಿಮ್ಮದು ಇನ್ನೂ ಉರೀತಿದೆಯಾ?